ಕಿಸೆಯೊಳಗಿನ ಸಾಕ್ಷಿ

ಮನುಷ್ಯನು ತನ್ನ ಅಳಲನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಮೊದಲೇ ಅವನ ದಿನಚರಿ ಅದನ್ನು ನುಡಿದಿರುತ್ತದೆ. ನಿದ್ರೆ ಕುಗ್ಗುತ್ತದೆ, ಮಾತು ವಿರಳವಾಗುತ್ತದೆ, ಕಾಲು ಹೊಸ್ತಿಲು ದಾಟಲೊಲ್ಲದು. ಮನೆಯ ಹಿರಿಯರ ಕಣ್ಣು ಗುರುತಿಸುತ್ತಿದ್ದ ಈ ಕುರುಹುಗಳನ್ನು ಇಂದು ಕಿಸೆಯಲ್ಲಿರುವ ಮೊಬೈಲ್ ಫೋನೂ ಗುರುತಿಸಬಲ್ಲುದು.

2013ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಆಂಡ್ರೂ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು 48 ವಿದ್ಯಾರ್ಥಿಗಳ ಒಪ್ಪಿಗೆ ಪಡೆದು 10 ವಾರಗಳ ಕಾಲ ಇದನ್ನು ಪರೀಕ್ಷಿಸಿದರು. ಫೋನು ಅವರ ಚಲನೆ, ನಿದ್ರೆ, ಸಂಭಾಷಣೆಗಳ ಪ್ರಮಾಣವನ್ನು ತಾನಾಗಿಯೇ ಅಂದಾಜು ಮಾಡಿತು. ಆಡಿದ ಮಾತೇನೆಂಬುದನ್ನು ದಾಖಲಿಸದೆ, ಮಾತು ನಡೆಯಿತೆಂಬುದನ್ನಷ್ಟೇ ಗುರುತಿಸಿತು. ಕಡಿಮೆ ನಿದ್ರಿಸಿದವರಲ್ಲಿ, ಕಡಿಮೆ ಮಾತಾಡಿದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಕಂಡುಬಂದವು.

ಆದರೆ ಮಾತು ಕಡಿಮೆಯಾದುದರಿಂದ ಮನ ಕುಗ್ಗಿತೋ, ಮನ ಕುಗ್ಗಿದುದರಿಂದ ಮಾತು ಕಡಿಮೆಯಾಯಿತೋ ಎಂಬುದನ್ನು ಎಣಿಕೆ ಹೇಳಲಾರದು. ಮೌನವ್ರತಿಯ ಮೌನಕ್ಕೂ ದುಃಖಿಯ ಮೌನಕ್ಕೂ ಇರುವ ಅಂತರವನ್ನು ಅದು ಅರಿಯದು.

ಆ ವಿದ್ಯಾರ್ಥಿಗಳು ತಿಳಿದು ಒಪ್ಪಿದ್ದರೆಂಬುದನ್ನು ಮರೆಯಬಾರದು. ಮಗನಿಗೆ ತಿಳಿಯದಂತೆ ಅವನ ಫೋನಿನ ಮೇಲೆ ಕಣ್ಣಿಡುವ ತಂದೆಗೆ ಅಂಕಿಗಳು ದೊರೆತಾವು. ಮಗನ ವಿಶ್ವಾಸ ಕೈತಪ್ಪೀತು. ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನವೆಂದು ಬಲ್ಲವರಿಗೆ, ಮತ್ತೊಬ್ಬರ ಮನದ ಗುಟ್ಟೂ ಕೊಡದೆ ಪಡೆಯಬಾರದ ವಸ್ತುವೇ.

ಸಾಧನವು ನಿದ್ರೆಗೆಟ್ಟ ರಾತ್ರಿಗಳ ಲೆಕ್ಕವನ್ನು ಕೊಡಬಲ್ಲುದು. ಪಕ್ಕದಲ್ಲಿ ಕುಳಿತು, “ಏಕಪ್ಪಾ, ನಿದ್ರೆ ಬರುತ್ತಿಲ್ಲವೇ?” ಎಂದು ಕೇಳುವವರು, ಅಗತ್ಯಬಿದ್ದಾಗ ವೈದ್ಯರಲ್ಲಿಗೆ ಜೊತೆಯಾಗಿ ನಡೆಯುವವರು ಮನೆಯವರೇ ಆಗಬೇಕು.