ಪಿರಮಿಡ್ಡಿನ ಎದುರು ಗಾಜಿನ ಮನೆ

ಗೀಜಾದ ಪಿರಮಿಡ್ಡುಗಳನ್ನು ನೋಡಲು ಹೋಗುವವರು ಹೆಚ್ಚಾಗಿ ಬೆಳಗಿನ ಹೊತ್ತೇ ಹೋಗುತ್ತಾರೆ. ಬಿಸಿಲೇರುವ ಮೊದಲು ಸುತ್ತಾಡಿ, ಒಂಟೆಯ ಮೇಲೆ ಕೂತು ಫೋಟೊ ತೆಗೆಸಿಕೊಂಡು, ಊಟದ ವೇಳೆಗೆ ಕೈರೋಗೆ ಮರಳುವುದು ವಾಡಿಕೆ. ನಾನು ಅಲ್ಲಿಗೆ ಎರಡನೇ ಸಲ ಹೋದದ್ದು ಕತ್ತಲಾದ ಮೇಲೆ. ಅಂದು 2019ರ ನವೆಂಬರ್ 1, ಶುಕ್ರವಾರ. ನಮ್ಮಲ್ಲಿ ರಾಜ್ಯೋತ್ಸವದ ಬಾವುಟ ಹಾರಿದ ದಿನ. ಆ ಸಂಜೆ ಮಹಾ ಪಿರಮಿಡ್ಡಿನ ಎದುರು ಮಹಿಳೆಯರ ವಿಶ್ವ ಸ್ಕ್ವಾಷ್ ಚಾಂಪಿಯನ್‌ಷಿಪ್‌ನ ಫೈನಲ್ ಪಂದ್ಯವಿತ್ತು.

ನೈಲ್ ನದಿ ದಾಟಿದ ನಮ್ಮ ಟ್ಯಾಕ್ಸಿ 'ಹರಮ್' ರಸ್ತೆ ಹಿಡಿಯಿತು. ಅರಬ್ಬಿಯಲ್ಲಿ ಹರಮ್ ಎಂದರೆ ಪಿರಮಿಡ್ಡು. ಶುಕ್ರವಾರ ಈಜಿಪ್ಟಿನಲ್ಲಿ ವಾರದ ರಜೆ. ಅಂಗಡಿಗಳ ಮುಂದೆ ಮನೆಮಂದಿಯೆಲ್ಲ ನಿಂತು ಕೊಶರಿ ತಿನ್ನುತ್ತಿದ್ದರು. ಅನ್ನ, ಮಸೂರ ಬೇಳೆ, ಮ್ಯಾಕರೋನಿ, ಕಡಲೆಕಾಳು ಒಟ್ಟಿಗೆ ಹಾಕಿ, ಮೇಲೆ ಟೊಮ್ಯಾಟೊ ಸಾರು, ಹುರಿದ ಈರುಳ್ಳಿ ಸುರಿದ ತಟ್ಟೆ ಅದು. ನಮ್ಮ ಬಿಸಿಬೇಳೆಬಾತಿನ ದೂರದ ನೆಂಟನಂತೆ ಕಂಡಿತು.

ಮರಳಿನ ದಿಬ್ಬ ಹತ್ತಿ ಮೇಲೆ ಹೋದಾಗ ಕಂಡದ್ದು ವಿಚಿತ್ರ ನೋಟ. ಸುಮಾರು 23 ಲಕ್ಷ ಕಲ್ಲುಗಳನ್ನು ಪೇರಿಸಿ, 4,500 ವರ್ಷಗಳ ಹಿಂದೆ ಕಟ್ಟಿದ ಬೆಟ್ಟದಂಥ ಪಿರಮಿಡ್ಡು ದೀಪದ ಬೆಳಕಿನಲ್ಲಿ ಹೊಳೆಯುತ್ತಿತ್ತು. ಅದರ ಎದುರು, ಯಾರೋ ಮರೆತು ಇಟ್ಟುಹೋದ ಮೀನಿನ ತೊಟ್ಟಿಯ ಹಾಗೆ, ಗಾಜಿನ ಒಂದು ಚಿಕ್ಕ ಮನೆ. ಅದೇ ಸ್ಕ್ವಾಷ್ ಕೋರ್ಟು.

ನಾಲ್ಕು ಗೋಡೆಗಳ ಆಟ

ಸ್ಕ್ವಾಷ್ ನೋಡದ ಮಕ್ಕಳಿಗಾಗಿ ಎರಡು ಮಾತು. ಟೆನಿಸ್‌ನಲ್ಲಿ ನಡುವೆ ಬಲೆ ಇರುತ್ತದೆ, ಎದುರಾಳಿ ಆಚೆ ಬದಿಗೆ ಇರುತ್ತಾಳೆ. ಇಲ್ಲಿ ಬಲೆ ಇಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ, ಅಕ್ಕಪಕ್ಕದಲ್ಲಿ ಆಡಬೇಕು. ಕೋಣೆಯ ಉದ್ದ 9.75 ಮೀಟರ್, ಅಗಲ 6.4 ಮೀಟರ್. ಒಬ್ಬರು ಹೊಡೆದ ಚೆಂಡು ಮುಂದಿನ ಗೋಡೆಗೆ ತಗುಲಿ ಬರಬೇಕು. ಅದು ನೆಲದ ಮೇಲೆ ಎರಡನೇ ಸಲ ಪುಟಿಯುವ ಮೊದಲೇ ಇನ್ನೊಬ್ಬರು ಹೊಡೆಯಬೇಕು. 11 ಅಂಕಕ್ಕೆ ಒಂದು ಗೇಮ್. ಐದರಲ್ಲಿ ಮೂರು ಗೇಮ್ ಗೆದ್ದವರಿಗೆ ಪಂದ್ಯ.

ಚೆಂಡು ಸಪೋಟಾ ಹಣ್ಣಿಗಿಂತ ಚಿಕ್ಕದು, ರಬ್ಬರಿನದು, ತೂಕ ಸುಮಾರು 24 ಗ್ರಾಂ. ತಣ್ಣಗಿದ್ದಾಗ ಅದು ಪುಟಿಯುವುದೇ ಇಲ್ಲ. ಹೊಡೆದು ಹೊಡೆದು ಬಿಸಿಯಾದ ಮೇಲೆಯೇ ಅದಕ್ಕೆ ಜೀವ ಬರುವುದು. ಅದಕ್ಕೇ ಪಂದ್ಯಕ್ಕೆ ಮುಂಚೆ ಇಬ್ಬರೂ ಸೇರಿ ಚೆಂಡನ್ನು ಬಿಸಿ ಮಾಡುತ್ತಾರೆ. ಮುಂದೆ ತನ್ನನ್ನು ಓಡಾಡಿಸಿ ಸುಸ್ತು ಮಾಡಲಿರುವ ಚೆಂಡನ್ನು ಎದುರಾಳಿಯ ಜೊತೆಗೂಡಿ ತಯಾರು ಮಾಡುವ ಆಟ ಇದು!

ಗಾಜಿನ ಕೋರ್ಟಿನ ಇನ್ನೊಂದು ವಿಶೇಷವಿದೆ. ಹೊರಗೆ ಕೂತ ನಮಗೆ ಒಳಗಿನದೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ಒಳಗಿರುವವರಿಗೆ ಮಾತ್ರ ಹೊರಗಿನದು ಅಷ್ಟಾಗಿ ಕಾಣದಂತೆ ಆ ಗಾಜನ್ನು ಮಾಡಿರುತ್ತಾರೆ. ಅಂದರೆ, ಜಗತ್ತಿನ ಅದ್ಭುತವೊಂದರ ಎದುರು ಆಡುವವರ ಕಣ್ಣಿಗೆ ಬೀಳುವುದು ಗೋಡೆ, ಚೆಂಡು ಮತ್ತು ಎದುರಾಳಿ, ಅಷ್ಟೇ.

ಇಬ್ಬರೂ ಒಂದೇ ಊರಿನವರು

ಅಂದು ಒಳಗಿದ್ದವರು ನೂರ್ ಎಲ್ ಶೆರ್ಬಿನಿ ಮತ್ತು ರನೀಮ್ ಎಲ್ ವೆಲಿಲಿ. ಇಬ್ಬರೂ ಸಮುದ್ರ ದಂಡೆಯ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದವರು. ರನೀಮ್ ಆಗ ಜಗತ್ತಿನ ಒಂದನೇ ಕ್ರಮಾಂಕದ ಆಟಗಾರ್ತಿ. 2017ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ನೂರ್ ಅವರನ್ನೇ ಸೋಲಿಸಿ ವಿಶ್ವ ಚಾಂಪಿಯನ್ ಆಗಿದ್ದರು. ನೂರ್ ಅಷ್ಟರೊಳಗೆ ಮೂರು ಸಲ ಆ ಪಟ್ಟ ಗೆದ್ದಿದ್ದರು. ಅಂದಹಾಗೆ, ನೂರ್ 13ನೇ ವಯಸ್ಸಿನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆದದ್ದು ನಮ್ಮ ಪಕ್ಕದ ಚೆನ್ನೈಯಲ್ಲಿ, 2009ರಲ್ಲಿ. ಫೈನಲ್ಲಿನ ದಿನವೇ ಅವರ 24ನೇ ಹುಟ್ಟುಹಬ್ಬ ಬೇರೆ.

ನನ್ನ ಪಕ್ಕದ ಕುರ್ಚಿಯಲ್ಲಿ ತಲೆಗೆ ನೀಲಿ ಸ್ಕಾರ್ಫ್ ಕಟ್ಟಿದ್ದ ತಾಯಿಯೊಬ್ಬರು, ಹತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರು. ಅವರೂ ಅಲೆಕ್ಸಾಂಡ್ರಿಯಾದವರೇ.

"ನೀವು ಯಾರ ಕಡೆ?" ಎಂದು ಕೇಳಿದೆ.

"ಯಾರು ಗೆದ್ದರೂ ಕಪ್ಪು ನಮ್ಮೂರಿಗೇ ಬರುತ್ತಲ್ಲ!" ಎಂದು ನಕ್ಕರು.

ಮಗಳು ಕ್ಲಬ್ಬಿನಲ್ಲಿ ವಾರಕ್ಕೆ ನಾಲ್ಕು ದಿನ ಆಡುತ್ತಾಳಂತೆ. ಹುಡುಗರ ಜೊತೆಗೂ ಆಡುತ್ತೀಯಾ ಎಂದೆ. ಅಮ್ಮ ಅದನ್ನು ಅರಬ್ಬಿಗೆ ತಿರುಗಿಸಿ ಹೇಳಿದರು. ಹುಡುಗಿ ಗಂಭೀರವಾಗಿ ಏನೋ ಹೇಳಿದಳು. ಅಮ್ಮ ನಗು ತಡೆದುಕೊಂಡು ವಿವರಿಸಿದರು: "ಆಡ್ತಾಳಂತೆ. ಆದರೆ ಅವಳ ಕ್ಲಾಸಿನ ಹುಡುಗರಿಗೆ ಇವಳ ಜೊತೆ ಆಡೋಕೆ ಇಷ್ಟ ಇಲ್ಲವಂತೆ. ಸೋತುಬಿಡ್ತಾರಲ್ಲ."

ಈಜಿಪ್ಟಿಗೆ ಈ ಆಟ ಬಂದದ್ದು ಬ್ರಿಟಿಷರ ಜೊತೆ. ಅವರ ಅಧಿಕಾರಿಗಳು ತಮ್ಮ ಕ್ಲಬ್ಬುಗಳಲ್ಲಿ ಆಡುತ್ತಿದ್ದ ಆಟವನ್ನು ಕಲಿತ ಈಜಿಪ್ಟಿನವರು ಅವರ ನೆಲಕ್ಕೇ ಹೋಗಿ ಗೆದ್ದರು. ಅಮ್ರ್ ಬೇ 1933ರಿಂದ 1938ರವರೆಗೆ ಆರು ಸಲ ಬ್ರಿಟಿಷ್ ಓಪನ್ ಗೆದ್ದರು. ಆಮೇಲೆ ಬಹುಕಾಲ ಪಾಕಿಸ್ತಾನದ್ದೇ ದರ್ಬಾರು. 1996ರಲ್ಲಿ ಇದೇ ಪಿರಮಿಡ್ಡುಗಳ ಬಳಿ ಗಾಜಿನ ಕೋರ್ಟು ಹಾಕಿ ಅಲ್ ಅಹ್ರಾಮ್ ಟೂರ್ನಿ ನಡೆಸಿದಾಗ, ಅಹ್ಮದ್ ಬರಾದಾ ಎಂಬ ಸ್ಥಳೀಯ ಹುಡುಗ ಫೈನಲ್‌ವರೆಗೆ ಬಂದು ಪಾಕಿಸ್ತಾನದ ದಿಗ್ಗಜ ಜಾನ್‌ಶೇರ್ ಖಾನ್ ಎದುರು ಸೋತ. ಆ ಸೋಲೇ ಸಾಕಾಯಿತು. ಟಿ.ವಿ.ಯಲ್ಲಿ ನೋಡಿದ ಮಕ್ಕಳು ರ‍್ಯಾಕೆಟ್ ಹಿಡಿದರು.

ಈಜಿಪ್ಟಿನ ಕ್ಲಬ್ಬೆಂದರೆ ದೊಡ್ಡವರು ಮಾತ್ರ ಕೂರುವ ಜಾಗವಲ್ಲ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೇ ಬರುತ್ತಾರೆ, ಅಮ್ಮಂದಿರು ಚಹಾ ಕುಡಿಯುತ್ತ ಕೂರುತ್ತಾರೆ. ಕೋರ್ಟಿನಲ್ಲಿ ಚಿಕ್ಕವರು ಆಡುವಾಗ ಪಕ್ಕದಲ್ಲೇ ಚಾಂಪಿಯನ್ನರ ಅಭ್ಯಾಸವೂ ನಡೆದಿರುತ್ತದೆ. ಹೆಣ್ಣುಮಗಳು ಸಂಜೆ ಏಳರವರೆಗೆ ಆಡಿದರೂ 'ಕತ್ತಲಾಯಿತು, ಮನೆಗೆ ಬಾ' ಎಂದು ಯಾರೂ ಕೂಗಬೇಕಿಲ್ಲ, ಮನೆಯೇ ಅಲ್ಲಿಗೆ ಬಂದಿರುತ್ತದೆ. ಹತ್ತನೇ ತರಗತಿ ಬರುವ ಹೊತ್ತಿಗೆ ಮೈದಾನ ಬಿಡುವ ನಮ್ಮ ಹುಡುಗಿಯರು ನೆನಪಾದರು.

ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ಹೇಳಿದವನು ನಮ್ಮ ಟ್ಯಾಕ್ಸಿಯವನು. "ನನಗೂ ಮಗಳಿದ್ದಾಳೆ. ಕ್ಲಬ್ಬಿನ ಗೇಟಿನವರೆಗೆ ಎಷ್ಟೋ ಜನರನ್ನು ಬಿಟ್ಟಿದ್ದೇನೆ, ಒಳಗೆ ಹೋಗಿಲ್ಲ. ಸದಸ್ಯತ್ವಕ್ಕೆ ದುಡ್ಡು ಬೇಕಲ್ಲ," ಎಂದಿದ್ದ. ದನಿಯಲ್ಲಿ ಸಿಟ್ಟಿರಲಿಲ್ಲ. "ಆದರೂ ಗೆಲ್ಲುವುದು ನಮ್ಮ ಹುಡುಗಿಯೇ, ಬೇಕಾದರೆ ನೋಡಿ," ಎಂದು ಸೇರಿಸಿದ್ದ.

ಆ ರಾತ್ರಿಯ ಆಟ

ಪಂದ್ಯ ಶುರುವಾದಾಗ ತಣ್ಣನೆಯ ಗಾಳಿ ಬೀಸುತ್ತಿತ್ತು. ರನೀಮ್ ಅವರ ಹೊಡೆತ ಬೆಣ್ಣೆಯಲ್ಲಿ ಕೂದಲು ಎಳೆದಂತೆ, ಶ್ರಮವೇ ಕಾಣದು. ನೂರ್ ಅವರದು ಕಾದು, ಅಳೆದು, ಜಾಗ ಸಿಕ್ಕ ಕ್ಷಣದಲ್ಲಿ ಬಾರಿಸುವ ಆಟ. ಮೊದಲ ಗೇಮ್ ನೂರ್ ಪಾಲಾಯಿತು. ಎರಡನೆಯದನ್ನು ರನೀಮ್ ಗೆದ್ದಾಗ ಪಕ್ಕದ ಹುಡುಗಿ ಕುರ್ಚಿಯ ಮೇಲೆ ಎದ್ದು ನಿಂತಳು. ಮೂರು ಮತ್ತು ನಾಲ್ಕನೇ ಗೇಮ್‌ಗಳಲ್ಲಿ ನೂರ್ ಹಿಡಿತ ಬಿಡಲಿಲ್ಲ. 3–1. ನಾಲ್ಕನೇ ವಿಶ್ವ ಕಿರೀಟ, ಹುಟ್ಟುಹಬ್ಬದ ದಿನವೇ.

ಈ ಟೂರ್ನಿಯ ಬಹುಮಾನದ ಮೊತ್ತ 4,30,000 ಡಾಲರ್. ಅದೇ ತಿಂಗಳು ದೋಹಾದಲ್ಲಿ ನಡೆದ ಪುರುಷರ ವಿಶ್ವ ಚಾಂಪಿಯನ್‌ಷಿಪ್‌ಗೆ ಇಟ್ಟದ್ದು 3,35,000 ಡಾಲರ್. 1976ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಮಹಿಳಾ ವಿಶ್ವ ಚಾಂಪಿಯನ್ ಆದ ಆಸ್ಟ್ರೇಲಿಯಾದ ಹೆದರ್ ಮೆಕೇ ಅವರ ಕಾಲದಲ್ಲಿ ಹೀಗೆ ಹೇಳಿದ್ದರೆ ಜನ ನಂಬುತ್ತಿರಲಿಲ್ಲ.

ದೋಹಾದ ಆ ಟೂರ್ನಿಯನ್ನು ಗೆದ್ದವರು ತಾರೆಕ್ ಮೋಮೆನ್, ರನೀಮ್ ಅವರ ಪತಿ. ಪಿರಮಿಡ್ಡಿನ ಎದುರು ಹೆಂಡತಿ ಕಳೆದುಕೊಂಡ ಪಟ್ಟ, ಎರಡು ವಾರದಲ್ಲಿ ಗಂಡನ ಮೂಲಕ ಅದೇ ಮನೆಗೆ ಬಂತು. ರನೀಮ್ ಮರುವರ್ಷ, ಒಂದನೇ ಕ್ರಮಾಂಕದಲ್ಲಿ ಇರುವಾಗಲೇ ಆಟಕ್ಕೆ ವಿದಾಯ ಹೇಳಿದರು. ನೂರ್ 2025ರಲ್ಲಿ ಷಿಕಾಗೋದಲ್ಲಿ ಎಂಟನೇ ಸಲ ಗೆದ್ದು, ಮಲೇಷ್ಯಾದ ನಿಕೋಲ್ ಡೇವಿಡ್ ಅವರ ದಾಖಲೆಯನ್ನು ಸರಿಗಟ್ಟಿದರು.

ನಮ್ಮಲ್ಲೂ ದಾರಿ ತೋರಿದವರಿದ್ದಾರೆ. ಕೊಡವ ಮನೆತನದ ಜೋಷ್ನಾ ಚಿನ್ನಪ್ಪ ಅವರು ದೀಪಿಕಾ ಪಳ್ಳಿಕಲ್ ಜೊತೆಗೂಡಿ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಡಬಲ್ಸ್ ಚಿನ್ನ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಸ್ಕ್ವಾಷ್‌ನಲ್ಲಿ ಬಂದ ಮೊದಲ ಪದಕ ಅದು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಸ್ಕ್ವಾಷ್ ಮೊದಲ ಬಾರಿಗೆ ಕಾಣಿಸಿಕೊಳ್ಳಲಿದೆ. ಅಮ್ಮನ ಪಕ್ಕ ಕುರ್ಚಿ ಹತ್ತಿ ನಿಂತಿದ್ದ ಆ ಹುಡುಗಿಗೆ ಆಗ ಹತ್ತೊಂಬತ್ತು ವರ್ಷವಾಗಿರುತ್ತದೆ.