ಕುಡಿಕೆಯೊಳಗಿನ ಕಿರಿಯ

ಬಜರಿಗರ್ ಹಕ್ಕಿಯ ಗೂಡಿನಲ್ಲಿ ಕಿರಿಯನಾಗಿ ಹುಟ್ಟುವುದು ಅಷ್ಟೇನೂ ಜಾಣತನವಲ್ಲ. ಹೆಣ್ಣು ದಿನ ಬಿಟ್ಟು ದಿನ ಒಂದೊಂದೇ ಮೊಟ್ಟೆ ಇಡುತ್ತದೆ, ಆದರೆ ಕಾವಿಗೆ ಕೂರಲು ಕೊನೆಯದರವರೆಗೆ ಕಾಯುವುದಿಲ್ಲ. ಒಂದೊಂದು ಮೊಟ್ಟೆಗೂ ಸುಮಾರು 18 ದಿನಗಳ ಕಾವು. ಹೆಚ್ಚುಕಡಿಮೆ ಇಟ್ಟ ಸರದಿಯಲ್ಲೇ ಒಡೆಯುತ್ತವೆ. ಆರು ಮೊಟ್ಟೆಗಳ ಸಂಸಾರವಾದರೆ, ಹಿರಿಯ ಮರಿ ಕಣ್ಣು ಬಿಡುವ ಹೊತ್ತಿಗೆ ಕಿರಿಯದು ಕುರುಡಾಗಿ, ಬೋಳಾಗಿ, ಎರಡು ಗ್ರಾಂ ತೂಕದಲ್ಲಿ ಲೋಕಕ್ಕೆ ಬರುತ್ತದೆ. ಬಾಯಿ ತೆರೆಯುವ ಪೈಪೋಟಿಯಲ್ಲಿ ಯಾರು ಗೆಲ್ಲುತ್ತಾರೆಂದು ಬೇರೆ ಹೇಳಬೇಕಿಲ್ಲ.

ಈ ಪ್ರಬಂಧಕಾರನ ಬೆಂಗಳೂರಿನ ಮನೆಯ ಬಾಲ್ಕನಿಯಲ್ಲೊಂದು ಪಂಜರವಿದೆ. ಅದರೊಳಗೆ ತಂತಿ ಕಟ್ಟಿ ತೂಗುಬಿಟ್ಟ ಮಣ್ಣಿನ ಕುಡಿಕೆ, ಕುಡಿಕೆಯ ಪಕ್ಕಕ್ಕೆ ಕೊರೆದ ತೂತು. ಊರೆಲ್ಲ 'ಲವ್ ಬರ್ಡ್ಸ್' ಎಂದು ಕರೆಯುವ ಹಕ್ಕಿಗಳ ಬಾಣಂತಿಕೋಣೆ ಇದೇ. ಟಾರ್ಚ್ ಹಿಡಿದು ಇಣುಕುವುದು ಮನೆಮಂದಿಯ ಸಂಜೆಯ ಕೆಲಸವಾಗಿಹೋಗಿತ್ತು. ಹಾಗೆ ಇಣುಕಿದ ಒಂದು ಸಂಜೆ ಲೆಕ್ಕ ತಪ್ಪಿದ್ದು ಕಂಡಿತು. ಹಿರಿಯ ಮರಿಗಳ ಕುತ್ತಿಗೆಯ ಬುಡದ ಚೀಲ ಉಬ್ಬಿ, ತೆಳುಚರ್ಮದಡಿ ನವಣೆಕಾಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿತ್ತು. ಕಿರಿಯದರ ಚೀಲ ಮಾತ್ರ ಸುಕ್ಕುಗಟ್ಟಿ ಎದೆಗಂಟಿಕೊಂಡಿತ್ತು. ತಾಯಿ ಪಕ್ಕದಲ್ಲೇ ಕೂತು ರೆಕ್ಕೆ ಕೊಕ್ಕಿನಿಂದ ತೀಡಿಕೊಳ್ಳುತ್ತಿತ್ತು.

"ಎಂಥಾ ತಾಯಿಯೋ ಇದು!" ಎಂದರು ಪ್ರಬಂಧಕಾರನ ಅಮ್ಮ.

ತಾಯಿಯ ಪರವಾಗಿ ವಾದಿಸುವವರು ಆಸ್ಟ್ರೇಲಿಯಾದಿಂದ ಸಾಕ್ಷಿ ಕರೆಸಬೇಕು. ಅಲ್ಲಿನ ಒಣ ಒಳನಾಡಿನಲ್ಲಿ ಈ ಹಕ್ಕಿಗಳು ಹಿಂಡುಹಿಂಡಾಗಿ ನೀರು, ಹುಲ್ಲಿನ ಬೀಜ ಹುಡುಕುತ್ತ ಅಲೆಯುತ್ತವೆ. ಮಳೆ ಬಿದ್ದರೆ ನೀಲಗಿರಿ ಮರಗಳ ಪೊಟರೆಗಳಲ್ಲಿ ಗಡಿಬಿಡಿಯಿಂದ ಸಂಸಾರ ಹೂಡುತ್ತವೆ. ಹುಲ್ಲು ಬೀಜ ಕಟ್ಟಿದರೆ ಆರೂ ಮರಿ ಹಾರುತ್ತವೆ. ನಡುವೆ ನೆಲ ಒಣಗಿದರೆ ಮೊದಲೆರಡು ಮೂರಾದರೂ ದಕ್ಕುತ್ತವೆ. ಎಲ್ಲವೂ ಒಂದೇ ದಿನ ಹುಟ್ಟಿದ್ದರೆ ಅರೆಹೊಟ್ಟೆಯಲ್ಲಿ ಎಲ್ಲವೂ ಸಾಯಬಹುದಿತ್ತು. ಬರಗಾಲಕ್ಕೆಂದೇ ಹಾಕಿದ ಈ ಲೆಕ್ಕ ಕ್ರೂರವೆನ್ನಿಸಿದರೂ ಒಪ್ಪವಾಗಿದೆ. ಪಂಜರದಲ್ಲಿ ಬರವಿಲ್ಲ, ನವಣೆಯ ಬಟ್ಟಲು ಸದಾ ತುಂಬಿರುತ್ತದೆ ಎಂಬುದನ್ನು ಆ ಹೆಣ್ಣಿಗೆ ಯಾರೂ ಇನ್ನೂ ತಿಳಿಸಿಲ್ಲ. ಪಂಜರಕ್ಕೆ ಅದರದ್ದೇ ಕಾರಣಗಳೂ ಉಂಟು: ಚೊಚ್ಚಲ ಬಾಣಂತನದ ಪೆದ್ದುತನ, ತಂದೆಹಕ್ಕಿಯ ಕಾಯಿಲೆ, ಇಲ್ಲವೇ ಮರಿಗಳು ಹಾರುವ ಮೊದಲೇ ಮುಂದಿನ ಮೊಟ್ಟೆಗಳಿಗೆ ತಾಯಿ ಪಡುವ ಅವಸರ.

ಸಾಕುಹಕ್ಕಿಯಾಗಿ ಬಜರಿಗರ್‌ನ ಚರಿತ್ರೆಯಲ್ಲೂ ಮನುಷ್ಯನ ಕೈ ಮೊದಲಿನಿಂದಲೇ ಇದೆ. 1805ರಲ್ಲಿ ಜಾರ್ಜ್ ಶಾ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದ. ಆದರೆ ಜೀವಂತ ಹಕ್ಕಿಗಳನ್ನು 1840ರಲ್ಲಿ ಇಂಗ್ಲೆಂಡಿಗೆ ಕೊಂಡೊಯ್ದವನು ಪಕ್ಷಿತಜ್ಞ ಜಾನ್ ಗೌಲ್ಡ್. ಅವನ್ನು ಸಾಕಿ ಬೆಳೆಸಿದ್ದು ನ್ಯೂ ಸೌತ್ ವೇಲ್ಸ್‌ನಲ್ಲಿ ನೆಲೆಸಿದ್ದ ಅವನ ಹೆಂಡತಿ ಎಲಿಜಬೆತಳ ತಮ್ಮ ಚಾರ್ಲ್ಸ್ ಕಾಕ್ಸನ್. ಹೆಸರು ಭಾವನಿಗೆ, ಚಾಕರಿ ಭಾವಮೈದುನನಿಗೆ! ಕಾಡಿನಲ್ಲಿ ಹಸಿರು-ಹಳದಿಯಾಗಿದ್ದ ಹಕ್ಕಿ ಆ ಶತಮಾನ ಮುಗಿಯುವಷ್ಟರಲ್ಲಿ ಯುರೋಪಿನ ಪಂಜರಗಳಲ್ಲಿ ನೀಲಿಯಾಯಿತು, 1925ರಲ್ಲಿ ಇಂಗ್ಲೆಂಡಿನಲ್ಲಿ ಅದರ ಹೆಸರಿನಲ್ಲೇ ಒಂದು ಸಂಘ ಹುಟ್ಟಿತು. ನಮ್ಮಲ್ಲಿ ನಾಡಗಿಳಿಯನ್ನು ಪಂಜರದಲ್ಲಿಡುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಪರದೇಶಿಯಾದ ಬಜರಿಗರ್ ಮಾತ್ರ ಶಿವಾಜಿನಗರದಲ್ಲಿ ಜೋಡಿಜೋಡಿಯಾಗಿ ಬಿಕರಿಯಾಗುತ್ತದೆ.

ಮನೆಯಲ್ಲಿ ಅಷ್ಟರಲ್ಲಿ ಪಾಕಶಾಸ್ತ್ರದ ಚರ್ಚೆ ಎದ್ದಿತ್ತು. ಮಕ್ಕಳು ಮೊಮ್ಮಕ್ಕಳಿಗೆಲ್ಲ ರಾಗಿ ಸರಿ ತಿನ್ನಿಸಿದ ಅಮ್ಮನಿಗೆ ಎರಡು ಗ್ರಾಂ ಮರಿ ಯಾವ ಲೆಕ್ಕ!

"ಒಂಚೂರು ಹಾಲಿಗೆ ಸರಿ ಕದಡಿ ಬಿಡೋ, ಪಾಪ."

"ಹಾಲು ಬೇಡಮ್ಮ. ಹಕ್ಕಿಗೆ ಅದು ಅರಗಲ್ಲ."

"ಮತ್ತೆ ಆ ತಾಯಿ ಕುಡಿಸೋದೇನು, ಕಷಾಯಾನಾ?"

ಪ್ರಶ್ನೆ ಸರಿಯಾಗೇ ಇತ್ತು. ಮೊದಲ ಕೆಲವು ದಿನ ತಾಯಿಹಕ್ಕಿ ತನ್ನ ಜಠರದಲ್ಲಿ ಒಸರುವ ಹಾಲಿನಂಥ ದ್ರವವನ್ನೇ ಕಕ್ಕಿ ಕೊಡುತ್ತದೆ. ಅರೆಜೀರ್ಣವಾದ ಕಾಳು ಆಮೇಲೆ. ಅಂಗಾತ ಬಿದ್ದು ಕಾಲು ಆಡಿಸುವ ಮರಿಯ ಕೊಕ್ಕನ್ನು ತನ್ನ ಕೊಕ್ಕಿನಲ್ಲಿ ಕಚ್ಚಿ ಹಿಡಿದು ಉಣಿಸುತ್ತದೆ. ಈ ಕಸುಬು ಚಮಚಕ್ಕೆ ಸುಲಭವಾಗಿ ಬಾರದು. ಮರಿಗಳಿಗೆಂದೇ ಮಾರುವ ಪುಡಿಯನ್ನು ಬಿಸಿನೀರಿನಲ್ಲಿ ಕಲಸಬೇಕು, ಬಿಸಿ 39ರಿಂದ 40 ಡಿಗ್ರಿ ಸೆಲ್ಸಿಯಸ್ ಇರಬೇಕು. ಜಾಸ್ತಿಯಾದರೆ ಕುತ್ತಿಗೆಯ ಚೀಲ ಒಳಗೇ ಸುಡುತ್ತದೆ, ಆರಿದರೆ ಅಲ್ಲೇ ನಿಂತು ಹುಳಿಯುತ್ತದೆ. ಬೆರಳು ಅದ್ದಿ ನೋಡುವ ಅಂದಾಜು ಸಾಲದು, ಥರ್ಮಾಮೀಟರ್ ಬೇಕು. ಮರಿಯ ಮೈ ತಣ್ಣಗಿದ್ದರಂತೂ ಮೊದಲು ಶಾಖ, ಆಮೇಲೆ ಊಟ. ತಣ್ಣಗಾದ ಮರಿಗೆ ತಿಂದದ್ದು ಅರಗುವುದಿಲ್ಲ. ಅವಸರಕ್ಕೆ ಸುರಿದರೆ ಶ್ವಾಸನಾಳಕ್ಕೆ ಇಳಿಯುತ್ತದೆ. ಇಷ್ಟೂ ಕಲಿತವನು ಹಗಲಿಡೀ ಎರಡೆರಡು ಗಂಟೆಗೊಮ್ಮೆ ಚಮಚ ಹಿಡಿದು ನಿಲ್ಲಬೇಕು, ರಾತ್ರಿಯೂ ಏಳಬೇಕು. ಚಮಚದ ಎರಡು ಅಂಚನ್ನೂ ಇಕ್ಕಳದಿಂದ ಮಡಚಿ ಕೊಕ್ಕಿನಗಲದ ದೋಣಿ ಮಾಡಿಕೊಂಡ ಪ್ರಬಂಧಕಾರ ಒಂದು ಇರುಳು ಒಂದೊಂದೇ ತೊಟ್ಟು ಹನಿಸಿ ನಿಭಾಯಿಸಿದ. ಬೆಳಗಿಗೆ ಚೀಲ ಬಟಾಣಿಯಷ್ಟು ಉಬ್ಬಿತ್ತು, ಕಣ್ಣು ಮಾತ್ರ ಪ್ರಬಂಧಕಾರನದ್ದು ಕೆಂಪಗಾಗಿತ್ತು.

ಮನೆಯಲ್ಲೇ ಹತ್ತಾರು ಜೋಡಿ ಸಾಕಿದವರು ಚಮಚ ಹಿಡಿಯುವುದು ಬೇರೆ ದಾರಿಯಿಲ್ಲದಾಗ. ಮರಿ ತುಸು ದೊಡ್ಡದಾಗಿದ್ದರೆ ತಂದೆಹಕ್ಕಿಯನ್ನು ನಂಬುತ್ತಾರೆ. ಮೊದಮೊದಲು ಹೆಂಡತಿಗೆ ಉಣಿಸಿ, ಅವಳ ಮೂಲಕ ಮಕ್ಕಳಿಗೆ ತಲುಪಿಸುವ ಗಂಡು ಬರುಬರುತ್ತ ತಾನೇ ಮರಿಗಳ ಬಾಯಿಗೆ ಕೊಡುತ್ತದೆ; ಹೆಣ್ಣು ಹೊಸ ಮೊಟ್ಟೆಗಳ ಮೇಲೆ ಕೂತರೂ ಅದರ ಬಡಿಸಾಟ ನಿಲ್ಲದು. ಮರಿ ತೀರಾ ಎಳೆಯದಾದರೆ ಸಾಕುತಾಯಿಯೇ ಗತಿ. ಅದೇ ವಯಸ್ಸಿನ ಮರಿಗಳಿರುವ ಇನ್ನೊಂದು ಗೂಡಿಗೆ ಸೇರಿಸಿದರೆ ಅಲ್ಲಿನ ಹೆಣ್ಣು ಸಾಮಾನ್ಯವಾಗಿ ತಕರಾರಿಲ್ಲದೆ ಉಣಿಸುತ್ತದೆ.

ಪಕ್ಕದ ಬೀದಿಯ ಹಕ್ಕಿ ವ್ಯಾಪಾರಿಯ ಬಳಿ ಅಂಥ ಜೋಡಿಯೊಂದಿತ್ತು. ಹತ್ತಿ ಹಾಸಿದ ಡಬ್ಬಿಯಲ್ಲಿ ಮರಿ ಹೊರಟಿತು, ಹಿಂದೆಯೇ ಅಮ್ಮನೂ. ಅಲ್ಲಿನ ತಾಯಿ ಹೊಸಬನನ್ನೊಮ್ಮೆ ಕೊಕ್ಕಿನಿಂದ ಹೊರಳಿಸಿ ನೋಡಿ, ಅಂಗಾತ ಮಾಡಿ ಉಣಿಸಿಯೇ ಬಿಟ್ಟಿತು. ಗುರುತು ತಪ್ಪದಿರಲೆಂದು ದಿನ ತುಂಬಿದ ಮೇಲೆ ಕಾಲಿಗೊಂದು ಉಂಗುರ ತೊಡಿಸುವುದಾಗಿ ವ್ಯಾಪಾರಿ ಹೇಳಿದ. ಅಮ್ಮ ಅಷ್ಟಕ್ಕೆ ಬಿಡಲಿಲ್ಲ.

"ದೊಡ್ಡದಾದ್ಮೇಲೆ ಮರಿ ಯಾರದ್ದಪ್ಪಾ?"

"ನಿಮ್ದೇ ಅಮ್ಮಾ. ಎರಡು ಕೇಜಿ ನವಣೆ ತಂದ್ಕೊಡಿ, ಸಾಕು."

"ಎರಡು ಗ್ರಾಂ ಮರಿಗೆ ಎರಡು ಕೇಜಿನಾ?" ಎಂದು ಅಮ್ಮ ಚೌಕಾಸಿಗಿಳಿದರು. ಒಂದೂವರೆಗೆ ಇತ್ಯರ್ಥವಾಯಿತು.