ಹಿಮದ ಹಾದಿಯಲ್ಲಿ ಗಾಲಿಯ ಹಿಡಿತ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ನೆಲೆಸಿರುವ ನಮಗೆ ಚಳಿಗಾಲದಲ್ಲಿ ಶರಣ ಬಂಧುಗಳ ಮನೆಯ ಸಾಮೂಹಿಕ ಇಷ್ಟಲಿಂಗ ಪೂಜೆಗೆ ಹೊರಡುವಾಗ ಮೊದಲು ನೆನಪಾಗುವುದು ಕಾರಿನ ಟೈರು. ಹಿಂದಿನ ಆಸನದಲ್ಲಿ ವೃದ್ಧ ತಾಯಿಯವರೂ ಮಕ್ಕಳೂ ಕುಳಿತಿರುವಾಗ ಈ ವಿಷಯದಲ್ಲಿ ಉದಾಸೀನ ಸಲ್ಲದು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲವಿರುವ ವಾಹನವಿದ್ದರೆ ಸಾಕೆಂದು ಹಲವರ ನಂಬಿಕೆ. ಆ ಬಲವು ವಾಹನವನ್ನು ಮುಂದಕ್ಕೆ ನೂಕೀತೇ ಹೊರತು ನಿಲ್ಲಿಸಲಾರದು. ಬ್ರೇಕು ಒತ್ತಿದಾಗ ಕಾಯುವುದು ರಸ್ತೆಯನ್ನು ಹಿಡಿಯುವ ರಬ್ಬರು. ಉಷ್ಣಾಂಶವು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಸಾಮಾನ್ಯ ಟೈರು ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಾದರೋ ಮೆದುವಾಗಿಯೇ ಉಳಿಯುತ್ತದೆ. ಅದರ ಮೈಮೇಲಿನ ಸಣ್ಣ ಸೀಳುಗಳು ಹಿಮವನ್ನು ಕಚ್ಚಿಕೊಳ್ಳುತ್ತವೆ. ಖರ್ಚಿಗೆ ಅಂಜಿ ಮುಂದಿನ ಎರಡು ಚಕ್ರಗಳಿಗಷ್ಟೇ ಹಾಕಿಸುವವರುಂಟು. ಆಗ ತಿರುವಿನಲ್ಲಿ ಹಿಂಭಾಗ ಜಾರಿ ಕಾರು ಗಿರ್ರನೆ ತಿರುಗಬಹುದು. ನಾಲ್ಕನ್ನೂ ಬದಲಿಸುವುದೇ ಸರಿ.

ಚಳಿ ಹೆಚ್ಚಿದಂತೆ ಟೈರಿನೊಳಗಿನ ಗಾಳಿಯ ಒತ್ತಡವೂ ತಗ್ಗುವುದರಿಂದ ಅದನ್ನು ಆಗಾಗ ಅಳೆಯುತ್ತೇವೆ. ಡಿಕ್ಕಿಯಲ್ಲಿ ಸಲಿಕೆ ಮತ್ತು ಒಂದು ಚೀಲ ಮರಳು ಸದಾ ಇರುತ್ತವೆ. ಹೂತ ಚಕ್ರದಡಿ ಮರಳು ಚೆಲ್ಲಿ ಮೆಲ್ಲನೆ ಚಲಾಯಿಸಿದರೆ ಕಾರು ಮೇಲೇಳುತ್ತದೆ. ಕೆಸರಿಗಿಳಿದ ಚಕ್ಕಡಿಯ ಗಾಲಿಗೆ ನಮ್ಮ ಹಿರಿಯರು ಕಲ್ಲು, ಸೊಪ್ಪು ಕೊಡುತ್ತಿದ್ದುದೂ ಇದೇ ಲೆಕ್ಕ.

ಬಿದ್ದೊಡನೆ ಹೆಪ್ಪುಗಟ್ಟುವ ಮಳೆ ಸುರಿದ ದಿನ ಮಾತ್ರ ನಾವು ಯಾವ ಟೈರನ್ನೂ ನಂಬುವುದಿಲ್ಲ. ದೂರವಾಣಿಯಲ್ಲಿ ಕ್ಷಮೆ ಕೋರಿ, ಕರಸ್ಥಲದ ಲಿಂಗಯ್ಯನನ್ನು ಮನೆಯಲ್ಲಿಯೇ ಪೂಜಿಸುತ್ತೇವೆ.